ಹುಬ್ಬಳ್ಳಿಯ ಒಂದು ಖಾನಾವಳಿ, ಮತ್ತು ಅದರ ಗಲ್ಲಾದ ಮೇಲೆ ಕೂತ ಮೂವರು

ಮೊದಲು ತಾಟಿನ ವಿಷಯ ಹೇಳಿಬಿಡುತ್ತೇನೆ. ಹಸಿದವರು ಅಷ್ಟು ಓದಿಕೊಂಡು ಹೋಗಲಿ.

110 ರೂಪಾಯಿಗೆ ಒಂದು ತಾಟು. ಎರಡು ಬಿಸಿ ಜೋಳದ ರೊಟ್ಟಿ. ಕೇಳಿದರೆ ಮೂರನೆಯದೂ ಬರುತ್ತದೆ, ನಾಲ್ಕನೆಯದಕ್ಕೆ 15 ರೂಪಾಯಿ. ಒಂದು ಕಾಳುಪಲ್ಯ, ಒಂದು ಕಾಯಿಪಲ್ಯ. ಸೋಮವಾರ, ಗುರುವಾರ ಬದನೆಕಾಯಿ ಎಣ್ಣೆಗಾಯಿ. ಶುಕ್ರವಾರ ಪುಂಡಿಪಲ್ಯ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮೇಜಿನ ಮೇಲೆ ಸ್ಟೀಲ್ ಡಬ್ಬಿಯಲ್ಲಿರುತ್ತವೆ, ನಾವೇ ಹಾಕಿಕೊಳ್ಳಬೇಕು. ಜೊತೆಗೆ ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ, ಸಣ್ಣ ಬಟ್ಟಲಲ್ಲಿ ಗಟ್ಟಿ ಮೊಸರು. ಕೊನೆಗೆ ಅನ್ನ, ಕಟ್ಟಿನ ಸಾರು, ಮಜ್ಜಿಗೆ. ರೊಟ್ಟಿ ತೆಳ್ಳಗೆ, ಮೆತ್ತಗೆ ಇರುತ್ತದೆ. ಅಂಚು ಸೀಳಿರುವುದಿಲ್ಲ. ಬದನೆಕಾಯಿ ತೊಟ್ಟಿನವರೆಗೂ ಬೆಂದಿರುತ್ತದೆ, ಒಳಗಿನ ಮಸಾಲೆ ಎಣ್ಣೆಯಲ್ಲಿ ತೇಲುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಯಾಕೆ ಹಿಡಿದೆ ಅಂತ ಮುಂದೆ ಹೇಳುತ್ತೇನೆ.

ಇದೇ ಖಾನಾವಳಿಯ ಬಗ್ಗೆ, ಇದೇ ಮೇಜಿನಲ್ಲಿ ಕೂತು, 2022ರ ಕೊನೆಗೆ ಬರೆದಿದ್ದರೆ ಐದಕ್ಕೆ ಒಂದೂವರೆ ಕೊಡುತ್ತಿದ್ದೆ. ಅಡಿಗೆಮನೆ ಅದೇ. ಒಲೆ ಅದೇ. ಮಾಲಕರಾದ ಸಾವಕಾರ್ರೂ ಅವರೇ. ಬದಲಾದದ್ದು ಗಲ್ಲಾದ ಮೇಲೆ ಕೂತವರು, ಮತ್ತು ಅವರಿಗೆ ಪಗಾರ ಕೊಡುವ ರೀತಿ. ಹಾಗಾಗಿ ಇದು ಬರೀ ಊಟದ ವಿಮರ್ಶೆ ಆಗಿ ಉಳಿಯಲ್ಲ, ಸ್ವಲ್ಪ ಉದ್ದ ಆಗುತ್ತದೆ.

ನಾನು ಅಂಗಡಿ, ಹೋಟೆಲುಗಳ ಲೆಕ್ಕ ಬರೆದು ಜಿಎಸ್‌ಟಿ, ಆದಾಯ ತೆರಿಗೆ ತುಂಬಿಸುವವನು. ಚಾರ್ಟರ್ಡ್ ಅಕೌಂಟೆಂಟ್ ಅಲ್ಲ. ಆದರೂ ನಮ್ಮ ಕಡೆ ಇಂಥ ಕೆಲಸ ಮಾಡುವವರನ್ನೆಲ್ಲ ಆಡಿಟರ್ ಅಂತಲೇ ಕರೆಯುತ್ತಾರೆ. ಈ ಖಾನಾವಳಿಯ ಲೆಕ್ಕ ಹನ್ನೊಂದು ವರ್ಷದಿಂದ ನನ್ನ ಹತ್ತಿರ ಇದೆ. ಮಧ್ಯಾಹ್ನದ ಊಟವೂ ಅಲ್ಲೇ. ಒಂದೇ ಜಾಗವನ್ನು ಬಿಲ್ ಪುಸ್ತಕದಿಂದಲೂ ನೋಡಿದ್ದೇನೆ, ತಾಟಿನಿಂದಲೂ ನೋಡಿದ್ದೇನೆ. ಬರೆಯಲಾ ಅಂತ ಸಾವಕಾರ್ರನ್ನು ಕೇಳಿದೆ.

"ಲೆಕ್ಕಾ ಬೇಕಾದ್ರ ಬರೀರಿ ಆಡಿಟರ್ರ, ಇನ್‌ಕಮ್ ಟ್ಯಾಕ್ಸಿನವರಿಗೆ ಗೊತ್ತಿದ್ದದ್ದ ಐತಿ. ಹೆಸರು ಮಾತ್ರ ಹಾಕಬ್ಯಾಡ್ರಿ. ಮಂದಿ ಹಳೇದನ್ನ ನೆನಸ್ಕೋತಾರ" ಎಂದರು.

ಆದ್ದರಿಂದ ಹೆಸರಿಲ್ಲ.

ಇಲ್ಲಿ ಮ್ಯಾನೇಜರ್ ಅಂದರೆ ಗಲ್ಲಾದ ಮೇಲೆ ಕೂತು ದುಡ್ಡು ಇಸಿದುಕೊಳ್ಳುವ, ದಿನಸಿ ತರಿಸುವ, ಹುಡುಗರನ್ನು ಬೈಯುವ ಮನುಷ್ಯ. ಸಾವಕಾರ್ರಿಗೆ ನೀರೆತ್ತುವ ಪಂಪಿನ ಅಂಗಡಿ ಇದೆ. ಖಾನಾವಳಿಗೆ ದಿನಕ್ಕೊಮ್ಮೆ, ಸಂಜೆ, ಗಲ್ಲಾ ಎಣಿಸಲು ಬರುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುವಾಗ ನಮಗೆ ಜೆನ್ಸೆನ್, ಮೆಕ್ಲಿಂಗ್ ಎಂಬ ಇಬ್ಬರ ಪಾಠ ಇತ್ತು. 1976ರಲ್ಲಿ ಬರೆದದ್ದು. ಒಡೆಯ ಬೇರೆ, ನಡೆಸುವವನು ಬೇರೆ ಆದಾಗ ನಡೆಸುವವನು ತನ್ನ ಅನುಕೂಲ ನೋಡಿಕೊಳ್ಳುತ್ತಾನೆ. ಅವನ ಮೇಲೆ ಕಣ್ಣಿಡಲು ಖರ್ಚು ಬೀಳುತ್ತದೆ. ಎಷ್ಟು ಕಣ್ಣಿಟ್ಟರೂ ಒಂದಿಷ್ಟು ನಷ್ಟ ಉಳಿದೇ ಉಳಿಯುತ್ತದೆ. ಇಷ್ಟೇ ಅದರ ಸಾರ. ಬಾಯಿಪಾಠ ಮಾಡಿ, ಬರೆದು, ಪಾಸಾದೆ. ಅರ್ಥ ಆದದ್ದು ಈ ಖಾನಾವಳಿಯಲ್ಲಿ, ಅಜ್ಜಾರು ಮಧ್ಯಾಹ್ನ ಎರಡೂವರೆಗೆ 'ಊಟ ಮುಗಿದಿದೆ' ಬೋರ್ಡು ತೂಗುಹಾಕಿದ ದಿನ.

ಅಜ್ಜಾರು ಮೊದಲ ಮ್ಯಾನೇಜರು. ಮೊದಲು ಅಮರಗೋಳದ ಎಪಿಎಂಸಿಯಲ್ಲಿ ಅಡತಿ ಅಂಗಡಿಯ ಗುಮಾಸ್ತರಾಗಿದ್ದವರು. ತಿಂಗಳಿಗೆ 11,000 ಪಗಾರ, ಅಷ್ಟೇ. ಎಂಬತ್ತು ತಾಟು ಹೋದರೂ ಹನ್ನೊಂದು ಸಾವಿರ, ಇನ್ನೂರು ಹೋದರೂ ಹನ್ನೊಂದು ಸಾವಿರ. ಅವತ್ತು ಬೋರ್ಡು ನೋಡಿ ನಾನು ಒಳಗೆ ಇಣುಕಿದೆ. ಪರಾತದಲ್ಲಿ ನಾದಿದ ಹಿಟ್ಟು ಇನ್ನೂ ಇತ್ತು.

"ಅಜ್ಜಾರ, ಹಿಟ್ಟು ಐತೆಲ್ರಿ?"

"ಐತಿ. ನನಗ ಶಕ್ತಿ ಇಲ್ಲ."

ಹೀಗೆ ಹೇಳಿ ಗಲ್ಲಾದ ಹಿಂದೆಯೇ ಚಾಪೆ ಹಾಸಿಕೊಂಡರು. ನನಗೆ ಮಾತ್ರ ತಾಟು ಬಂತು, ಹಳೇ ಗಿರಾಕಿ ಅಂತ.

ಅಜ್ಜಾರು ಒಂದು ರೂಪಾಯಿ ಮುಟ್ಟಿದವರಲ್ಲ. ಪೈಸೆಗೆ ಪೈಸೆ ಲೆಕ್ಕ ಕೂಡುತ್ತಿತ್ತು. ನನ್ನ ಅರ್ಧ ಕೆಲಸ ಅವರೇ ಮಾಡಿ ಕೊಡುತ್ತಿದ್ದರು. ಜೋಳ ತಂದರೆ ಅಂಗೈಯಲ್ಲಿ ಹಿಡಿದು, ಎರಡು ಕಾಳು ಬಾಯಿಗೆ ಹಾಕಿ ಕಡಿದು ನೋಡಿ, ಮಾಲ್ದಂಡಿ ತಳಿ ಅಲ್ಲದಿದ್ದರೆ ಚೀಲ ಹಿಂದಕ್ಕೆ ಕಳಿಸುತ್ತಿದ್ದರು. ಆದರೆ ಉದ್ರಿ ವಹಿ ಒಂದು ಇತ್ತು ನೋಡಿ. ವಿದ್ಯಾನಗರದ ಕಾಲೇಜು ಹುಡುಗರೆಲ್ಲ ಅದರಲ್ಲಿದ್ದರು. 'ಕನ್ನಡಕದ ಹುಡುಗ, 640.' 'ಅವನ ಗೆಳೆಯ, 380.' ಇಂಥ ಹೆಸರುಗಳಿಂದ ಯಾರಿಂದ ವಸೂಲಿ ಮಾಡುವುದು? 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ವಹಿಯಲ್ಲಿ 43,000 ಬಾಕಿ ಇತ್ತು. ಅದನ್ನು ನಾನೇ ಲೆಕ್ಕದಲ್ಲಿ ಬಾರದ ಸಾಲ ಅಂತ ಬರೆದು ಮುಗಿಸಿದೆ. ಅಜ್ಜಾರ ಕಾಲದಲ್ಲಿ ಊಟ ಐದಕ್ಕೆ ನಾಲ್ಕು. ಸಾವಕಾರ್ರಿಗೆ ಉಳಿಯುತ್ತಿದ್ದದ್ದು ತಿಂಗಳಿಗೆ ಹದಿನೆಂಟು, ಇಪ್ಪತ್ತು ಸಾವಿರ. ಲಾಕ್‌ಡೌನಿನಲ್ಲಿ ಅಜ್ಜಾರು ರಾಣೆಬೆನ್ನೂರಿಗೆ ಮಗಳ ಮನೆಗೆ ಹೋದರು. ಅಲ್ಲೇ ಉಳಿದರು.

2021ರಲ್ಲಿ ಖಾನಾವಳಿ ಮತ್ತೆ ಶುರುವಾದಾಗ ಗಲ್ಲಾದ ಮೇಲೆ ಬಂದವನು ಒಬ್ಬ ಹುಡುಗ. ಮೊಬೈಲ್ ಅಂಗಡಿಯಲ್ಲಿ ಸೇಲ್ಸ್ ಮಾಡಿದ್ದವನು, ಚುರುಕು. ಅವನ ಬಗ್ಗೆ ಮುಂದೆ ತಕರಾರು ಬರುತ್ತದೆ, ಅದಕ್ಕೆ ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಕೈ ತೊಳೆಯುವ ಜಾಗಕ್ಕೆ ಟೈಲ್ಸ್ ಹಾಕಿಸಿದ. ಯುಪಿಐ ಹಲಗೆ ಇಟ್ಟ. ಉದ್ರಿ ವಹಿ ಮುಚ್ಚಿದ. ಕೂತು ಐದು ನಿಮಿಷದಲ್ಲಿ ತಾಟು ಬರುವ ಹಾಗೆ ಮಾಡಿದ. ಸಂಜೆಯೂ ತೆರೆದ.

ಸಾವಕಾರ್ರು ಅಜ್ಜಾರಿಂದ ಪಾಠ ಕಲಿತಿದ್ದರು. "ಪಗಾರ ಕಡಿಮಿ, ವ್ಯಾಪಾರದ ಮ್ಯಾಲ ನೂರಕ್ಕ ಮೂರು ಕಮಿಷನ್. ಹೆಂಗ?" ಎಂದು ನನ್ನನ್ನು ಕೇಳಿದರು. ಚೆನ್ನಾಗಿದೆ ಅಂದುಬಿಟ್ಟೆ. ನನ್ನದೂ ತಪ್ಪಿದೆ ಇದರಲ್ಲಿ. ವ್ಯಾಪಾರ ಅಂದರೆ ಯಾವುದು, ಗಲ್ಲಾಕ್ಕೆ ಬಂದ ದುಡ್ಡೋ ಬಿಲ್ಲಿನ ಮೇಲಿನ ಅಂಕಿಯೋ ಅಂತ ನಾನು ಕೇಳಲಿಲ್ಲ.

ಎಂಟು ತಿಂಗಳಲ್ಲಿ ವ್ಯಾಪಾರ 2.4 ಲಕ್ಷದಿಂದ 4.1 ಲಕ್ಷಕ್ಕೆ ಏರಿತು. ಸಾವಕಾರ್ರಿಗೆ ಉಳಿಯುವುದು 31,000ದಿಂದ 22,000ಕ್ಕೆ ಇಳಿಯಿತು. ಸಾವಕಾರ್ರು ನನ್ನ ಲೆಕ್ಕವೇ ತಪ್ಪು ಅಂದರು. ಒಂದು ಭಾನುವಾರ ಕೂತು ಒಂದೇ ಒಂದು ಪಾರ್ಸಲ್ ತಾಟಿನ ಲೆಕ್ಕ ಬಿಡಿಸಿ ತೋರಿಸಿದೆ. ಇಲ್ಲೂ ಬಿಡಿಸುತ್ತೇನೆ, ಹೋಟೆಲ್ ಇಟ್ಟವರು ಯಾರಾದರೂ ಓದುತ್ತಿದ್ದರೆ ಬೇಕಾಗುತ್ತದೆ.

ಹುಡುಗ ಖಾನಾವಳಿಯನ್ನು ಮನೆಗೆ ಊಟ ತಲುಪಿಸುವ ಆ್ಯಪಿನಲ್ಲಿ ಸೇರಿಸಿದ್ದ. ಅಲ್ಲಿ ತಾಟಿನ ಬೆಲೆ 120. ಗಿರಾಕಿ ಸೆಳೆಯಲು 20 ರೂಪಾಯಿ ರಿಯಾಯಿತಿ, ಅದು ನಮ್ಮ ಕಡೆಯಿಂದ. ಉಳಿದ 100ರಲ್ಲಿ ಆ್ಯಪಿನವರ ಕಮಿಷನ್ ಕಾಲು ಭಾಗ, 25. ಆ ಕಮಿಷನ್ ಮೇಲೆ ನೂರಕ್ಕೆ 18 ಜಿಎಸ್‌ಟಿ, ನಾಲ್ಕೂವರೆ. ಡಬ್ಬಿ, ಚೀಲ 9. ಕೈಗೆ ಉಳಿದದ್ದು 61 ರೂಪಾಯಿ 50 ಪೈಸೆ. ಆ ತಾಟಿಗೆ ದಿನಸಿ, ಗ್ಯಾಸು, ಕೂಲಿ ಸೇರಿ ನಮಗೆ ಬೀಳುತ್ತಿದ್ದದ್ದು 64. ಸಾವಕಾರ್ರಿಗೆ ತಾಟಿಗೆ ಎರಡೂವರೆ ರೂಪಾಯಿ ಲುಕ್ಸಾನು. ಹುಡುಗನ ಕಮಿಷನ್ ಮಾತ್ರ ಮೊದಲಿನ 120ರ ಮೇಲೆ, 3 ರೂಪಾಯಿ 60 ಪೈಸೆ. ಲುಕ್ಸಾನಿನ ತಾಟನ್ನು ಎಷ್ಟು ಜಾಸ್ತಿ ಮಾರಿದರೆ ಅವನಿಗೆ ಅಷ್ಟು ಲಾಭ.

"ಅಂದ್ರ ನಾನ ದುಡ್ಡು ಕೊಟ್ಟು ಮಂದೀಗೆ ಊಟಾ ಹಾಕಿಸಾಕತ್ತೇನಿ?" ಅಂದರು ಸಾವಕಾರ್ರು. ಹೌದು, ಸಿದ್ಧಾರೂಢ ಮಠದಲ್ಲಾದರೂ ಹಾಕಿಸಿದ್ದರೆ ಪುಣ್ಯ ಬರುತ್ತಿತ್ತು ಅಂದೆ. ನಗಲಿಲ್ಲ.

ಇನ್ನೊಂದು ಇತ್ತು. ತಿಂಗಳ ವ್ಯಾಪಾರ 4.5 ಲಕ್ಷ ದಾಟಿದರೆ ಹುಡುಗನಿಗೆ 5,000 ಬೇರೆ. ಅದನ್ನು ಇಟ್ಟವರೂ ಸಾವಕಾರ್ರೇ. 2022ರ ಮಾರ್ಚ್ ಕೊನೆಗೆ ಇನ್ನೂ 35,000 ಕಮ್ಮಿ ಬಿದ್ದಿತ್ತು. 30ನೇ ತಾರೀಖು ಒಂದು ಬಿಲ್ಲು, 40,000ದ್ದು. ಏನಿದು ಅಂತ ನೋಡಿದರೆ ಮೇ ತಿಂಗಳ ಮದುವೆ ಊಟದ ಮುಂಗಡ. ಊಟವೇ ಹಾಕಿಲ್ಲ, ವ್ಯಾಪಾರ ಆಗಿಬಿಟ್ಟಿದೆ. ಏಪ್ರಿಲ್‌ನಲ್ಲಿ ಉಲ್ಟಾ ಆಯಿತು. 27ಕ್ಕೇ ಗುರಿ ದಾಟಿತು. 28, 29, 30ಕ್ಕೆ ಬಿಲ್ಲುಗಳೇ ಇಲ್ಲ ಅನ್ನುವಷ್ಟು ಕಮ್ಮಿ. ಮೇ 1ರಂದು 311 ತಾಟು! ಕಾರ್ಮಿಕರ ದಿನದ ರಜೆ, ಆಫೀಸುಗಳೆಲ್ಲ ಬಂದ್, 48 ಜನ ಕೂರುವ ಖಾನಾವಳಿ. ಮೂರು ದಿನದ ಬಿಲ್ಲು ಮುಂದಿನ ತಿಂಗಳಿಗೆ ಕೂಡಿಟ್ಟಿದ್ದ.

ಅವನು ಇದನ್ನು ಎಲ್ಲೂ ಓದಿ ಕಲಿತವನಲ್ಲ. ಆದರೆ ದೊಡ್ಡ ಕಂಪನಿಗಳಲ್ಲೂ ಇದೇ ನಡೆಯುತ್ತದೆ ಅಂತ ಪಾಲ್ ಹೀಲಿ ಎಂಬವರು 1985ರಲ್ಲೇ ತೋರಿಸಿದ್ದಾರೆ. ಬೋನಸ್ಸಿಗೆ ಒಂದು ಮೇಲ್ಮಿತಿ ಇದ್ದರೆ, ಅದು ಮುಟ್ಟಿದ ಮೇಲೆ ಮ್ಯಾನೇಜರುಗಳು ಈ ವರ್ಷದ ಲಾಭವನ್ನು ಲೆಕ್ಕದ ಕೈಚಳಕದಲ್ಲಿ ಮುಂದಿನ ವರ್ಷಕ್ಕೆ ದಾಟಿಸುವ ಕಡೆ ವಾಲುತ್ತಾರೆ. ಹೀಲಿಯವರಿಗೆ ನೂರಾರು ವಾರ್ಷಿಕ ವರದಿ ಬೇಕಾಯಿತು. ನನಗೆ ಒಂದು ಬಿಲ್ ಪುಸ್ತಕ ಸಾಕಾಯಿತು.

ಆ ಸಂಜೆ ಚಹಾ ಕುಡಿಯುತ್ತ ಸಾವಕಾರ್ರಿಗೆ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನ ಕತೆ ಹೇಳಿದೆ. ಒಬ್ಬ ಗಿರಾಕಿಗೆ ಎಂಟು ಬಗೆಯ ಖಾತೆ, ಕಾರ್ಡು ಮಾರಬೇಕು ಅಂತ ಅಲ್ಲಿ ಗುರಿ ಇತ್ತು. ಗುರಿ ಮುಟ್ಟಲು ನೌಕರರು ಗಿರಾಕಿಗೆ ಗೊತ್ತೇ ಇಲ್ಲದೆ ಅವರ ಹೆಸರಲ್ಲಿ ಖಾತೆ ತೆರೆದರು. 2016ರಲ್ಲಿ ಹೊರಬಿದ್ದಾಗ 18.5 ಕೋಟಿ ಡಾಲರ್ ದಂಡ, ಸುಮಾರು 5,300 ಜನರ ನೌಕರಿ ಹೋಗಿತ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಬ್ಯಾಂಕಿನ ಮುಖ್ಯಸ್ಥರೂ ಕುರ್ಚಿ ಬಿಟ್ಟರು.

"ಅಷ್ಟ ದೊಡ್ಡ ಬ್ಯಾಂಕಿನ್ಯಾಗೂ ನಮ್ಮ ಹುಡುಗನ ಇದ್ನೇನ್ರಿ?" ಅಂದರು.

ಇಷ್ಟಾದರೂ ಅವನನ್ನು ತೆಗೆಯಲಿಲ್ಲ. ಕಮಿಷನ್ ತೆಗೆದರು. ಆ್ಯಪಿನ ಪಾರ್ಸಲ್ ನಿಲ್ಲಿಸಿದರು. ಹೊಸ ಕರಾರು: ತಿಂಗಳ ದಿನಸಿ, ಗ್ಯಾಸಿನ ಖರ್ಚಿನಲ್ಲಿ ಎಷ್ಟು ಉಳಿಸುತ್ತೀಯೋ ಅದರಲ್ಲಿ ನೂರಕ್ಕೆ ಇಪ್ಪತ್ತು ನಿನಗೆ. ಈ ಸಲ ನನ್ನನ್ನು ಕೇಳಲಿಲ್ಲ.

ಇಲ್ಲಿಂದ ಗಿರಾಕಿಯಾಗಿ ನನ್ನ ಗೋಳು ಶುರು.

ಮೊದಲು ಹೋದದ್ದು ಮಾಲ್ದಂಡಿ. ಮಾಲ್ದಂಡಿ ಹಿಂಗಾರಿ ಜೋಳ. ಕಾಳು ದಪ್ಪ, ಬೆಳ್ಳಗೆ, ಹಿಟ್ಟಿಗೆ ಜಿಗಿ ಇರುತ್ತದೆ. ಅದರ ಜಾಗಕ್ಕೆ ಮುಂಗಾರಿ ಹೈಬ್ರಿಡ್ ಬಂತು, ಕಿಲೋಗೆ ಹತ್ತು ರೂಪಾಯಿ ಉಳಿತಾಯ. ಮಳೆಗೆ ಸಿಕ್ಕ ತೆನೆಯಾದರೆ ಕಾಳು ಕಪ್ಪಿಡುತ್ತದೆ, ಹಿಟ್ಟು ಮಾಸಲಾಗುತ್ತದೆ. ರೊಟ್ಟಿ ದಪ್ಪಗಾಯಿತು. ತೆಳ್ಳಗೆ ಬಡಿದರೆ ಹರಿಯುತ್ತಿತ್ತು. ಆರಿದ ಮೇಲೆ ಮುರಿದರೆ ಖಟ್ ಅನ್ನುತ್ತಿತ್ತು, ಅದೂ ಕಡಕ್ ರೊಟ್ಟಿಯ ಖಟ್ ಅಲ್ಲ, ಹೆಂಚಿನ ಖಟ್. ಆಮೇಲೆ ಶೇಂಗಾ ಚಟ್ನಿಯಲ್ಲಿ ಪುಟಾಣಿ, ಅಂದರೆ ಹುರಿಗಡಲೆ, ಸೇರಿತು. ನಾಲಿಗೆಗೆ ಮೆತ್ತುವ ಹಿಟ್ಟು ಹಿಟ್ಟು ರುಚಿ. ಮೊಸರಿಗೆ ನೀರು ಬಿತ್ತು. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಹೋಯಿತು. ಬ್ಯಾಡಗಿಯ ಗುಣ ಗೊತ್ತಲ್ಲ, ಬಣ್ಣ ಜಾಸ್ತಿ, ಖಾರ ಕಮ್ಮಿ. ಅದಕ್ಕೇ ನಮ್ಮ ಎಣ್ಣೆಗಾಯಿ ಕೆಂಪಗಿದ್ದರೂ ಕಣ್ಣಲ್ಲಿ ನೀರು ಬರಿಸಲ್ಲ. ಅಗ್ಗದ ಕಾಯಿ ಬಂದ ಮೇಲೆ ಬಣ್ಣ ಇಟ್ಟಿಗೆಯ ಹಾಗೆ, ಖಾರ ಮೂಗಿಗೆ. ಒಂದು ಗುರುವಾರ ನಾನು ಮೂರು ಲೋಟ ನೀರು ಕುಡಿದು ಎದ್ದೆ. ಹೊಟ್ಟೆ ತುಂಬಿದ್ದು ನೀರಿನಿಂದ.

ಲೆಕ್ಕ ಏನು ಹೇಳಿತು? ಮೊದಲ ಎರಡು ತಿಂಗಳು ಭರ್ಜರಿ. ಸಾವಕಾರ್ರಿಗೆ ತಿಂಗಳಿಗೆ 50,000 ದಾಟಿತು. ಹುಡುಗನಿಗೆ ಧಾರವಾಡ ಪೇಡೆ ಡಬ್ಬಿ ಕೊಟ್ಟರು, ನನಗೂ ಕೊಟ್ಟರು. ಗಿರಾಕಿ ಒಂದೇ ದಿನದಲ್ಲಿ ಬಿಡಲ್ಲ ನೋಡಿ. ಮೊದಲು ವಾರಕ್ಕೆ ಆರು ದಿನ ಬರುವವರು ನಾಲ್ಕು ದಿನ ಬರುತ್ತಾರೆ. ಆಮೇಲೆ ಎರಡು ದಿನ. ಕಿಟಕಿ ಪಕ್ಕದ ಮೇಜಿನಲ್ಲಿ ದಿನಾ ಕೂರುತ್ತಿದ್ದ ಆರು ಜನ ವಕೀಲರು ಒಟ್ಟಿಗೇ ಕಾಣೆಯಾದರು. ಮೂರನೇ ತಿಂಗಳಿಂದ ವ್ಯಾಪಾರ ಇಳಿಯಿತು, ಐದನೇ ತಿಂಗಳಿಗೆ ನೆಲ ಕಚ್ಚಿತು. ಖಾನಾವಳಿಗೆ ನಾನು ಒಂದೂವರೆ ಅಂದದ್ದು ಈ ಕಾಲಕ್ಕೆ. ಅಷ್ಟರಲ್ಲಿ ಹುಡುಗ ತನ್ನ ಬೋನಸ್ ಎಣಿಸಿಕೊಂಡು, ಧಾರವಾಡದಲ್ಲಿ ಇನ್ನೊಂದು ಹೋಟೆಲಿಗೆ ಜಾಸ್ತಿ ಪಗಾರಕ್ಕೆ ಸೇರಿಕೊಂಡ.

ಖಾಸಗಿ ಬ್ಯಾಂಕುಗಳ ಮುಖ್ಯಸ್ಥರಿಗೆ ರಿಸರ್ವ್ ಬ್ಯಾಂಕ್ ಇದಕ್ಕೊಂದು ಕಟ್ಟು ಹಾಕಿದೆ. 2019ರ ನವೆಂಬರಿನ ಆದೇಶ ಅದು. ಕೆಲಸ ನೋಡಿ ಕೊಡುವ ಸಂಬಳದಲ್ಲಿ ಕನಿಷ್ಠ ನೂರಕ್ಕೆ 60 ಭಾಗವನ್ನು ಮೂರು ವರ್ಷವಾದರೂ ತಡೆಹಿಡಿಯಬೇಕು. ಇವತ್ತಿನ ಲಾಭ ನಾಳೆ ಲುಕ್ಸಾನಾಗಿ ಬಂದರೆ ತಡೆಹಿಡಿದದ್ದನ್ನು ಕೊಡದೇ ಇರಬಹುದು, ಕೊಟ್ಟದ್ದನ್ನು ವಾಪಸ್ಸು ಕೇಳಬಹುದು. ಸಾವಕಾರ್ರಿಗೆ ಇದನ್ನು ಹೇಳುವಾಗ ತಡವಾಗಿತ್ತು. ಪೇಡೆಯೂ ಮುಗಿದಿತ್ತು.

ಹುಡುಗನನ್ನು ಆಮೇಲೆ ಒಮ್ಮೆ ನೋಡಿದೆ. ತೆರಿಗೆ ಕೆಲಸಕ್ಕೆ ಧಾರವಾಡಕ್ಕೆ ಹೋದವನು ಊಟಕ್ಕೆ ಒಂದು ಹೋಟೆಲಿಗೆ ಹೊಕ್ಕೆ. ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಳೆಯ ಬೋರ್ಡು: 'ಮಿನಿ ಕಾಂಬೋ, ಫ್ಯಾಮಿಲಿ ಕಾಂಬೋ, ಇಂದಿನ ಆಫರ್'. ನಮ್ಮ ಖಾನಾವಳಿಯಲ್ಲಿ ಅವನು ಹಾಕಿಸಿದ್ದ ಬೋರ್ಡಿನದೇ ಹಳದಿ ಬಣ್ಣ, ಅದೇ ಅಕ್ಷರ. ಗಲ್ಲಾದ ಕಡೆ ತಿರುಗಿದರೆ ಅವನೇ. "ಆರಾಮ್ರೀ ಸರ?" ಅಂತ ಎದ್ದು ಬಂದ. ಒಳ್ಳೇ ಮನಸ್ಸಿನ ಹುಡುಗ, ಇವತ್ತಿಗೂ ಅದನ್ನೇ ಹೇಳುತ್ತೇನೆ. ರೊಟ್ಟಿ ಮಾತ್ರ ಮುರಿದು ನೋಡಿದೆ. ಖಟ್.

ಮ್ಯಾನೇಜರು ಕಂಪನಿ ಬದಲಿಸಿದರೂ ಅವನ ರೀತಿ ಅವನ ಜೊತೆಗೇ ಹೋಗುತ್ತದೆಯೇ? ಮರಿಯಾನ್ ಬರ್ಟ್ರಾಂಡ್, ಆಂಟ್ವನೆಟ್ ಶೋರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞೆಯರು ಇದನ್ನೇ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಹುಡುಕಿದರು. 2003ರಲ್ಲಿ ಅದು ಅಚ್ಚಾಯಿತು. ಒಂದು ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದ ದೊಡ್ಡ ಅಧಿಕಾರಿಗಳ ಬೆನ್ನು ಹತ್ತಿ ನೋಡಿದರು. ಸಾಲ ಎಷ್ಟು ಮಾಡುವುದು, ಬೇರೆ ಕಂಪನಿ ಕೊಳ್ಳುವುದೋ ಬೇಡವೋ, ಖರ್ಚು ಎಷ್ಟು ಕಡಿಯುವುದು, ಇಂಥದರಲ್ಲೆಲ್ಲ ಮನುಷ್ಯನ ಗುರುತು ಹೊಸ ಕಂಪನಿಯಲ್ಲೂ ಕಾಣಿಸಿತು. ಹಳೇ ತಲೆಮಾರಿನವರು ಹೆಚ್ಚು ಹುಷಾರು. ಎಂಬಿಎ ಮಾಡಿದವರು ಹೆಚ್ಚು ನುಗ್ಗುವವರು. ದೊಡ್ಡ ಪಾಲುದಾರರ ಕಣ್ಣು ಗಟ್ಟಿಯಾಗಿರುವ ಕಡೆಯೇ ಒಳ್ಳೆಯ ಫಲ ಕೊಡುವ ಮ್ಯಾನೇಜರುಗಳು ಜಾಸ್ತಿ ಸಿಕ್ಕರು. ಅವರು ಬ್ಯಾಲೆನ್ಸ್ ಶೀಟು ನೋಡಿ ಹೇಳಿದ್ದನ್ನು ಧಾರವಾಡದಲ್ಲಿ ಹಳದಿ ಬೋರ್ಡು ನೋಡಿದರೂ ಹೇಳಬಹುದಿತ್ತು.

ಮೂರನೆಯವರು ಅಕ್ಕಾರು. ಈಗ ಇರುವವರು.

ಅಕ್ಕಾರು ಗದಗಿನ ಹತ್ತಿರದ ಕಣಗಿನಹಾಳದವರು. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು. ಲೆಕ್ಕ ಆ ಊರಿನ ನೀರಲ್ಲೇ ಇದೆ ಅಂತ ನಾನು ತಮಾಷೆ ಮಾಡುತ್ತೇನೆ. ಅಕ್ಕಾರು ಒಂಬತ್ತು ವರ್ಷ ಇದೇ ಅಡಿಗೆಮನೆಯಲ್ಲಿ ರೊಟ್ಟಿ ಬಡಿದವರು. 2023ರ ಶುರುವಿಗೆ, ಯಾರೂ ಸಿಗದೆ, "ಸ್ವಲ್ಪ ದಿನ ನೋಡ್ಕೋರಿ" ಅಂತ ಸಾವಕಾರ್ರು ಗಲ್ಲಾದ ಮೇಲೆ ಕೂರಿಸಿದರು. ಕರಾರು ಬದಲಿಸಲು ಮರೆತರು. ಖರ್ಚು ಉಳಿಸಿದ್ದರಲ್ಲಿ ನೂರಕ್ಕೆ ಇಪ್ಪತ್ತು, ಹುಡುಗನಿಗೆ ಇದ್ದದ್ದೇ.

ನನಗೆ ಇಡೀ ಕತೆಯಲ್ಲಿ ಬೆರಗು ಹುಟ್ಟಿಸಿದ್ದು ಇದು. ಅದೇ ಆಸೆ ತೋರಿಸಿದ ಕರಾರು, ಮನುಷ್ಯ ಮಾತ್ರ ಬೇರೆ. ಅಕ್ಕಾರು ಮೊದಲು ಮಾಡಿದ್ದು ಮಾಲ್ದಂಡಿ ವಾಪಸ್ಸು ತಂದದ್ದು. ಅಂದರೆ ಖರ್ಚು ಏರಿಸಿದ್ದು!

ಯಾಕೆ ಅಂತ ಕೇಳಿದೆ. "ಸರ, ಆ ಹಿಟ್ಟಿನ್ಯಾಗ ಜಿಗಿ ಇರಂಗಿಲ್ಲ. ನಾಕು ರೊಟ್ಟಿ ಬಡದ್ರ ಒಂದು ಹರೀತೈತಿ. ಹರದದ್ದು ಎಲ್ಲಿ ಹೋಕ್ಕೈತಿ? ಎಮ್ಮೀಗೆ. ಅಗ್ಗ ಎಲ್ಲಿ ಆತ್ರಿ?"

ಹುಡುಗನಿಗೆ ಚೀಲದ ಬೆಲೆ ಕಂಡಿತ್ತು, ಹರಿದ ರೊಟ್ಟಿ ಕಂಡಿರಲಿಲ್ಲ. ಅವನು ಒಂದು ದಿನವೂ ಒಲೆಯ ಮುಂದೆ ಕೂತವನಲ್ಲ.

ಆಮೇಲೆ ಅಕ್ಕಾರು ಹಿಂದಿನ ಬಾಗಿಲ ಹತ್ತಿರ ಒಂದು ಕೊಕ್ಕೆ ತಕ್ಕಡಿ ತೂಗುಹಾಕಿದರು. ತಾಟಿನಲ್ಲಿ ಬಿಟ್ಟದ್ದು ಬೀಳುವ ಮುಸುರೆ ಬಕೆಟ್ಟನ್ನು ದಿನಾ ಅದಕ್ಕೆ ಸಿಕ್ಕಿಸಿ ತೂಗುತ್ತಾರೆ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾರೆ. ಎರಡು ವಾರಕ್ಕೆ ಗೊತ್ತಾಯಿತು, ವಾಪಸ್ಸು ಬರುವುದರಲ್ಲಿ ಅನ್ನವೇ ಜಾಸ್ತಿ. ರೊಟ್ಟಿ ತಿಂದು ಹೊಟ್ಟೆ ತುಂಬಿದವರಿಗೆ ದೊಡ್ಡ ಸೌಟು ಅನ್ನ ಹಾಕಿದರೆ ಇನ್ನೇನಾಗುತ್ತದೆ? ಈಗ ಮೊದಲು ಅರ್ಧ ಸೌಟು. ಬೇಕಾದರೆ ಮತ್ತೆ ಕೇಳುತ್ತಾರೆ, ಬೇಜಾರಿಲ್ಲದೆ ಹಾಕುತ್ತಾರೆ. ಗಿರಣಿಗೆ ತಿಂಗಳಿಗೊಮ್ಮೆ ಕಳಿಸುತ್ತಿದ್ದ ಜೋಳವನ್ನು ವಾರಕ್ಕೆ ಎರಡು ಸಲ ಕಳಿಸುತ್ತಾರೆ, ಹಳೇ ಹಿಟ್ಟಿನ ಜಿಗಿ ಹೋಗುತ್ತದೆ ಅಂತ. ಸಾರಿನ ಪಾತ್ರೆಗೆ ಮುಚ್ಚಳ ಬಂತು. ತಿಂಗಳಿಗೆ 22 ಹೋಗುತ್ತಿದ್ದ 19 ಕಿಲೋ ಸಿಲಿಂಡರು 17ಕ್ಕೆ ಇಳಿಯಿತು. ಉಳಿಸಿದ್ದಕ್ಕೆ ಬೋನಸ್ಸೂ ಬಂತು. ನನ್ನ ತಾಟಿನಿಂದ ಒಂದು ಚಮಚವೂ ಕಮ್ಮಿ ಆಗಲಿಲ್ಲ.

ವಕೀಲರು ವಾಪಸ್ಸು ಬಂದರು. ಆರರಲ್ಲಿ ಐದು ಜನ. ಆರನೆಯವರಿಗೆ ಡಾಕ್ಟರು ರೊಟ್ಟಿ ಬೇಡ ಅಂದಿದ್ದಾರಂತೆ, ಅದು ನಮ್ಮ ಲೆಕ್ಕಕ್ಕೆ ಬರಲ್ಲ.

2023ರ ದೀಪಾವಳಿ ಪಾಡ್ಯಕ್ಕೆ, ಲಕ್ಷ್ಮೀ ಪೂಜೆ ಮಾಡಿ ಹೊಸ ವಹಿ ತೆರೆಯುವ ದಿನ, ಸಾವಕಾರ್ರು ಹೊಸ ಕರಾರು ಮಾಡಿದರು. ಈ ಸಲ ನನ್ನನ್ನೂ ಕೂರಿಸಿಕೊಂಡರು. ತಿಂಗಳಿಗೆ 14,000, ಮತ್ತು ವರ್ಷದ ಲಾಭದಲ್ಲಿ ನೂರಕ್ಕೆ 12. ಅದರಲ್ಲಿ ಅರ್ಧ ಈ ಪಾಡ್ಯಕ್ಕೆ, ಇನ್ನರ್ಧ ಮುಂದಿನ ಪಾಡ್ಯಕ್ಕೆ. ರಿಸರ್ವ್ ಬ್ಯಾಂಕಿನ ಹೆಸರು ಹೇಳದೆ ಅದನ್ನೇ ತೂರಿಸಿದೆ. ಕಳೆದ ವರ್ಷದ ವ್ಯಾಪಾರ ತಿಂಗಳಿಗೆ 3.6 ಲಕ್ಷದ ಆಸುಪಾಸು. ಹುಡುಗನ ಕಾಲದ್ದಕ್ಕಿಂತ ಕಮ್ಮಿ. ಸಾವಕಾರ್ರಿಗೆ ಉಳಿದದ್ದು ತಿಂಗಳಿಗೆ 58,000.

ಹಾಗಂತ ಅಕ್ಕಾರು ದೇವತೆ ಅಂದುಕೊಂಡು ಹೋಗಬೇಡಿ. ಎರಡನೇ ಸಲ ಪಲ್ಯ ಕೇಳಿದರೆ ಹಾಕಿಸುತ್ತಾರೆ, ಆದರೆ ಒಂದು ನೋಟ ಇದೆ, ಅದನ್ನು ತಡೆದುಕೊಳ್ಳಬೇಕು. ತಾಟಿನಲ್ಲಿ ಬಿಟ್ಟರೆ ಬೈಸಿಕೊಳ್ಳುತ್ತೀರಿ, ನೀವು ಯಾರೇ ಆಗಿರಿ. ಹತ್ತು ಜನಕ್ಕಿಂತ ಜಾಸ್ತಿ ಇದ್ದರೆ ಒಟ್ಟಿಗೆ ಕೂರಿಸಲ್ಲ. ಸಂಜೆ ತೆರೆಯಲು ಸಾವಕಾರ್ರು ಎಷ್ಟು ಹೇಳಿದರೂ ಒಪ್ಪಿಲ್ಲ, "ಬಡಿಯಾಕ ಕೈ ಬೇಕಲ್ರಿ" ಅನ್ನುತ್ತಾರೆ. ಕೇಶ್ವಾಪುರದಲ್ಲಿ ಎರಡನೇ ಖಾನಾವಳಿ ಮಾಡೋಣ ಅಂದರೆ ಸಾಲದ ಮಾತು ಬಂದ ಕೂಡಲೇ ಎದ್ದು ಅಡಿಗೆಮನೆಗೆ ಹೋಗಿಬಿಡುತ್ತಾರೆ. ಅದು ಹುಷಾರೋ ಅಂಜಿಕೆಯೋ, ಸಾವಕಾರ್ರಿಗೂ ನನಗೂ ವಾದ ನಡೆದೇ ಇದೆ.

ಈಗ ಹಿಡಿದಿಟ್ಟ ಅರ್ಧ. ಲಾಭದಲ್ಲಿ ಪಾಲು ಅಂದ ಮೇಲೆ ಈ ವರ್ಷ ಮಾಡುವ ಯಾವ ರಿಪೇರಿಯಾದರೂ ಅಕ್ಕಾರ ಪಾಲಿನಿಂದಲೂ ಸ್ವಲ್ಪ ತಿನ್ನುತ್ತದೆ. ಹಾಗಾಗಿ ರಿಪೇರಿ ಮುಂದಕ್ಕೆ ಹೋಗುತ್ತದೆ. ಗೋಡೆ ಪಕ್ಕದ ಫ್ಯಾನು ಕಿರುಗುಟ್ಟುತ್ತದೆ. ಎರಡು ಕುರ್ಚಿಯ ಬೆನ್ನು ಸಡಿಲ. ಹುಡುಗ ಹಾಕಿಸಿದ ಟೈಲ್ಸ್ ಎರಡು ಒಡೆದಿವೆ. ಇದು ಕರಾರಿನ ತಪ್ಪು, ಕರಾರು ಬರೆದವನು ನಾನೇ. ಇಂಥ ಖರ್ಚನ್ನು ಲಾಭದ ಲೆಕ್ಕದಿಂದ ಹೊರಗಿಟ್ಟು ಸಾವಕಾರ್ರೇ ಹೊರಬೇಕು ಅಂತ ಹೇಳಿದ್ದೇನೆ. "ಪಾಡ್ಯಕ್ಕ ನೋಡೂಣ್ರಿ" ಅಂದಿದ್ದಾರೆ.

ಹೋಗುವವರಿಗೆ: ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಮಾತ್ರ. ಮಂಗಳವಾರ ಮತ್ತು ಅಮಾವಾಸ್ಯೆ ರಜೆ. ಒಂದೂಕಾಲಿನೊಳಗೆ ಹೋದರೆ ಕಾಯಬೇಕಿಲ್ಲ. ಯುಪಿಐ ನಡೆಯುತ್ತದೆ, ಉದ್ರಿ ಇಲ್ಲ. ಗಾಡಿ ಎದುರಿನ ಮೆಡಿಕಲ್ ಅಂಗಡಿ ಮುಂದೆ ನಿಲ್ಲಿಸಬೇಡಿ, ಗಾಳಿ ಬಿಡುತ್ತಾರೆ. ಫ್ಯಾನಿನ ಕೆಳಗಿನ ಮೇಜು ಬಿಟ್ಟು ಕೂರಿ. ಕೈ ತೊಳೆಯಲು ಎಡಗಡೆಯ ನಲ್ಲಿ ತಿರುಗಿಸಿ. ಬಲಗಡೆಯದು ಯುಗಾದಿಯಿಂದ ಸೋರುತ್ತಿದೆ.